ಪಂಚಗಂಗೆಯ ತೀರದ ಪೋಲಿಷ್ ಗ್ರಾಮ: ವಳಿವಡೆಯ ನೆಲ ಮತ್ತು ಇತಿಹಾಸ

೧. ಪ್ರಶ್ನೆಯ ಸ್ವರೂಪ

ಒಂದು ಊರಿನ ಇತಿಹಾಸವನ್ನು ಬರೆಯಹೊರಟವನು ಆ ಊರಿನಲ್ಲಿ ಹುಟ್ಟಿದವರ ವೃತ್ತಾಂತವನ್ನು ಬರೆಯಬೇಕೇ, ಇಲ್ಲವೆ ಅಲ್ಲಿ ಬಾಳಿದವರೆಲ್ಲರ ವೃತ್ತಾಂತವನ್ನು ಬರೆಯಬೇಕೇ? ಸಾಮಾನ್ಯವಾಗಿ ಈ ಪ್ರಶ್ನೆ ಏಳುವುದಿಲ್ಲ. ಏಕೆಂದರೆ ಹೆಚ್ಚಿನ ಊರುಗಳಲ್ಲಿ ಹುಟ್ಟಿದವರೂ ಬಾಳಿದವರೂ ಬಹುಮಟ್ಟಿಗೆ ಒಂದೇ ಜನ. ಆದರೆ ಕೊಲ್ಲಾಪುರದ ಮೂಡಲಿಗೆ ಇರುವ ವಳಿವಡೆ ಎಂಬ ಸಣ್ಣ ಊರಿನ ಚರಿತ್ರೆಯನ್ನು ಕೈಗೆತ್ತಿಕೊಂಡವನು ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರನು. ೧೯೪೩ರಿಂದ ೧೯೪೮ರವರೆಗೆ, ಸುಮಾರು ಐದು ವರ್ಷಗಳ ಕಾಲ, ಈ ಊರಿನ ನೆಲದಲ್ಲಿ ಐದು ಸಾವಿರದಷ್ಟು ಪೋಲಿಷ್ ಜನರು ವಾಸವಾಗಿದ್ದರು. ಅವರಲ್ಲಿ ಬಹುತೇಕರು ಹೆಂಗಸರು ಮತ್ತು ಮಕ್ಕಳು. ಅವರು ಇಲ್ಲಿ ಶಾಲೆಗಳನ್ನು ನಡೆಸಿದರು, ಹಬ್ಬಗಳನ್ನು ಆಚರಿಸಿದರು, ಸತ್ತವರನ್ನು ಹೂಳಿದರು, ಕಡೆಗೆ ಒಬ್ಬೊಬ್ಬರಾಗಿ ಭೂಮಂಡಲದ ಹಲವು ಮೂಲೆಗಳಿಗೆ ಚದರಿಹೋದರು.

ಈ ಜನವಸತಿಗೆ ಎರಡು ಹೆಸರುಗಳಿದ್ದವು. ಆಂಗ್ಲ ಆಡಳಿತದ ವ್ಯವಹಾರದಲ್ಲಿ ಅದು ‘ಪೋಲಿಷ್ ನಿರಾಶ್ರಿತರ ಶಿಬಿರ’. ಅಲ್ಲಿ ವಾಸಿಸಿದವರು ತಮ್ಮ ಭಾಷೆಯಲ್ಲಿ ಅದನ್ನು ‘ಓಶೆದ್ಲೆ’ ಎಂದು ಕರೆದರು. ಜನರು ನೆಲೆನಿಂತ ಸ್ಥಳ, ವಸತಿ ಎಂಬುದು ಆ ಶಬ್ದದ ಅರ್ಥ. ಶಿಬಿರಕ್ಕೆ ಪೋಲಿಷ್ ಭಾಷೆಯಲ್ಲಿ ಬೇರೆಯೇ ಶಬ್ದವುಂಟು. ಆ ಶಬ್ದವನ್ನು ಅವರು ತಮ್ಮ ನೆಲೆಯ ಹೆಸರಿಗೆ ಸೇರಿಸಲಿಲ್ಲ. ಸೋವಿಯೆತ್ ದೇಶದ ಬಂದೀವಸತಿಗಳಿಂದ ಬಿಡುಗಡೆ ಹೊಂದಿ ಬಂದವರಿಗೆ ಈ ಎರಡು ಶಬ್ದಗಳ ಅಂತರ ಕೇವಲ ವ್ಯಾಕರಣದ ವಿಷಯವಾಗಿರಲಾರದು. ವಳಿವಡೆಯನ್ನು ಶಿಬಿರವೆಂದು ಎಣಿಸಬೇಕೇ, ಗ್ರಾಮವೆಂದು ಎಣಿಸಬೇಕೇ ಎಂಬುದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಅದಕ್ಕಾಗಿ ಮೊದಲು ನೆಲವನ್ನೂ ಅನಂತರ ಜನರನ್ನೂ ಪರಿಶೀಲಿಸೋಣ.

೨. ನೆಲದ ಪರಿಚಯ

ಸಹ್ಯಾದ್ರಿಯ ಪೂರ್ವದ ಇಳಿಜಾರಿನಲ್ಲಿ ಹುಟ್ಟುವ ಕಾಸಾರಿ, ಕುಂಭಿ, ತುಳಸಿ, ಭೋಗಾವತಿ ಎಂಬ ನಾಲ್ಕು ಹೊಳೆಗಳೂ, ಗುಪ್ತಗಾಮಿನಿಯೆಂದು ಜನರು ನಂಬಿರುವ ಸರಸ್ವತಿಯೂ ಕೂಡಿ ಪಂಚಗಂಗೆಯಾಗುತ್ತದೆ. ಕೊಲ್ಲಾಪುರದ ಹತ್ತಿರದ ಪ್ರಯಾಗ ಚಿಖಲಿಯಲ್ಲಿ ಈ ಸಂಗಮವನ್ನು ತೋರಿಸುತ್ತಾರೆ. ಅಲ್ಲಿಂದ ನದಿಯು ನಗರದ ಬಡಗಣ ಪಕ್ಕವನ್ನು ಬಳಸಿ, ಅಂಕುಡೊಂಕಾಗಿ ಮೂಡಲಿಗೆ ಹರಿದು, ಕನ್ನಡ ನಾಡಿನ ಯಾತ್ರಿಕರಿಗೆ ಸುಪರಿಚಿತವಾದ ನರಸೋಬನ ವಾಡಿಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ಈ ಹರಿವಿನ ಬಲದಂಡೆಯ ಕಡೆಗೆ, ಕೊಲ್ಲಾಪುರದಿಂದ ಸುಮಾರು ಎಂಟು ಕಿಲೋಮೀಟರು ದೂರದಲ್ಲಿ, ಕರವೀರ ತಾಲೂಕಿನಲ್ಲಿ ವಳಿವಡೆ ಇದೆ. ಇಲ್ಲಿಂದ ಮುಂದೆ ರೈಲುಹಾದಿಯು ಪಂಚಗಂಗೆಯನ್ನು ದಾಟಿ ರುಕಡಿಗೆ ಹೋಗುತ್ತದೆ.

ಸಮುದ್ರಮಟ್ಟದಿಂದ ಸುಮಾರು ೫೫೦ ಮೀಟರು ಎತ್ತರದ ಈ ಬಯಲಿನ ಹವೆ ಸೌಮ್ಯವಾದುದು. ಘಟ್ಟದ ನೆತ್ತಿಯ ಗಗನಬಾವಡೆಯಲ್ಲಿ ವರ್ಷಕ್ಕೆ ಐದು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿದರೆ, ಕೊಲ್ಲಾಪುರದ ಸುತ್ತಿನಲ್ಲಿ ಅದು ಒಂದು ಸಾವಿರದ ಆಸುಪಾಸಿಗೆ ಇಳಿಯುತ್ತದೆ. ಕಗ್ಗಲ್ಲು ಶಿಥಿಲವಾಗಿ ಆದ ಕರಿಮಣ್ಣು, ನದಿಯ ನೀರು, ಮಿತವಾದ ಮಳೆ ಇವು ಕೂಡಿ ಈ ಪ್ರದೇಶವನ್ನು ಕಬ್ಬಿಗೂ ಬೆಲ್ಲಕ್ಕೂ ಪ್ರಸಿದ್ಧವಾಗಿ ಮಾಡಿವೆ. ೧೮೯೧ರಲ್ಲಿ ಮಿರಜಿನಿಂದ ಕೊಲ್ಲಾಪುರಕ್ಕೆ ಸಂಸ್ಥಾನದ ರೈಲುಹಾದಿ ತೆರೆಯಿತು. ಹೊರನಾಡಿನ ಜನರನ್ನು ಸಾವಿರಗಟ್ಟಲೆ ತಂದು ಇರಿಸಬೇಕಾದಾಗ ಬೇಕಾಗುವ ಅನುಕೂಲತೆಗಳು, ಎಂದರೆ ಆರೋಗ್ಯಕರವಾದ ಹವೆ, ನೀರು, ರೈಲು, ಹತ್ತಿರದಲ್ಲಿ ಒಂದು ದೊಡ್ಡ ಪೇಟೆ, ಇಲ್ಲಿ ಒಟ್ಟಿಗೆ ದೊರೆಯುತ್ತಿದ್ದವು.

೩. ಪೂರ್ವದ ಕುರುಹುಗಳು

ಈ ನೆಲ ಪರಕೀಯರ ಬರವಿನಿಂದ ಇತಿಹಾಸವನ್ನು ಪಡೆಯಿತೆಂದು ಯಾರೂ ಭಾವಿಸಬಾರದು. ಕೊಲ್ಲಾಪುರದ ಶಿಲಾಹಾರರು ಹತ್ತನೆಯ ಶತಮಾನದಿಂದ ಹದಿಮೂರನೆಯ ಶತಮಾನದ ಆರಂಭದವರೆಗೆ ಇಲ್ಲಿ ಆಳಿದರು. ಅವರ ಶಾಸನಗಳು ಸಂಸ್ಕೃತದಲ್ಲಿಯೂ ಕನ್ನಡದಲ್ಲಿಯೂ ಇವೆ. ಕರ್ಣಪಾರ್ಯ ಕವಿಯು ‘ನೇಮಿನಾಥ ಪುರಾಣ’ವನ್ನು ಬರೆದುದು ಈ ವಂಶದ ವಿಜಯಾದಿತ್ಯನ ಮಂತ್ರಿಯ ಆಶ್ರಯದಲ್ಲಿ ಎಂಬುದು ನಮ್ಮ ಸಾಹಿತ್ಯಚರಿತ್ರೆಯನ್ನು ಓದಿದವರಿಗೆ ತಿಳಿದದ್ದೇ. ನೆರೆಯ ಹೆರ್ಲೆಯಲ್ಲಿ ವಿಜಯಾದಿತ್ಯನ ತಂದೆ ಗಂಡರಾದಿತ್ಯನ ಕಾಲದ ಶಾಸನವೊಂದು ದೊರೆತಿದೆ.

ಶಿಲಾಹಾರರ ಶಾಸನಗಳಲ್ಲಿ ವಳವಾಡವೆಂಬ ನೆಲೆವೀಡಿನ ಉಲ್ಲೇಖ ಬರುತ್ತದೆ. ಹೆಸರಿನ ಹೋಲಿಕೆಯಿಂದ ಅದು ನಮ್ಮ ವಳಿವಡೆಯೇ ಇರಬೇಕೆಂದು ಎನಿಸುವುದು ಸಹಜ. ಆದರೆ ಅದನ್ನು ಕೊಲ್ಲಾಪುರದ ದಕ್ಷಿಣಕ್ಕೆ, ರಾಧಾನಗರಿಯ ಕಡೆಗೆ ಗುರುತಿಸಿದವರೂ ಇದ್ದಾರೆ. ಹೋಲಿಕೆಯೊಂದನ್ನೇ ನಂಬಿ ಅರಸರ ನೆಲೆವೀಡನ್ನು ನಮ್ಮ ಊರಿಗೆ ಎಳೆದುತರುವುದು ಸಂಶೋಧಕನಿಗೆ ತಕ್ಕುದಲ್ಲ. ನಿಶ್ಚಯವಾಗಿ ಹೇಳಬಹುದಾದುದು ಇಷ್ಟೇ: ಈ ಬಯಲಿನಲ್ಲಿ ಭಿನ್ನ ಮತಗಳವರೂ ಭಿನ್ನ ಭಾಷೆಗಳವರೂ ಕೂಡಿ ಬಾಳಿದ್ದು ಹೊಸ ಸಂಗತಿಯಲ್ಲ. ಗಂಡರಾದಿತ್ಯನು ಮಿರಜಿನ ಪ್ರಾಂತದಲ್ಲಿ ಗಂಡಸಮುದ್ರವೆಂಬ ಕೆರೆಯನ್ನು ಕಟ್ಟಿಸಿ, ಅದರ ದಡದಲ್ಲಿ ಶಿವ, ಬುದ್ಧ, ಜಿನ ಈ ಮೂವರಿಗೂ ಗುಡಿಗಳನ್ನು ಮಾಡಿಸಿ ಭೂಮಿಯನ್ನು ಬಿಟ್ಟನೆಂದು ಕ್ರಿ.ಶ. ೧೧೧೦ರ ತಾಮ್ರಪಟದಿಂದ ತಿಳಿದುಬರುತ್ತದೆ.

೪. ಅವರು ಬಿಟ್ಟುಬಂದ ಊರುಗಳು

ಇನ್ನು ವಳಿವಡೆಗೆ ಬಂದ ಜನರ ಮೂಲಸ್ಥಾನವನ್ನು ನೋಡಬೇಕು. ಅವರಲ್ಲಿ ಹೆಚ್ಚಿನವರು ಎರಡು ಮಹಾಯುದ್ಧಗಳ ನಡುವಣ ಪೋಲೆಂಡಿನ ಪೂರ್ವದ ಗಡಿಪ್ರಾಂತದವರು. ಈ ಪ್ರಾಂತಕ್ಕೆ ಪೋಲರು ‘ಕ್ರೆಸಿ’ ಎಂದು ಹೆಸರಿಟ್ಟಿದ್ದರು. ಅಂಚಿನ ನಾಡು ಎಂದು ಅದರ ಅರ್ಥ. ಬಡಗಣಕ್ಕೆ ವಿಲ್ನೊ, ನಡುವೆ ಪ್ರಿಪ್ಯೆತ್ ನದಿಯ ಮಹಾ ಜೌಗುಭೂಮಿಯನ್ನೊಳಗೊಂಡ ಪೊಲೇಸ್ಯೆ, ತೆಂಕಣಕ್ಕೆ ವೊಲೀನ್ ಮತ್ತು ಪೊದೊಲ್ಯೆಯ ಕರಿಮಣ್ಣಿನ ಬಯಲು. ಪಂಚಗಂಗೆಯ ಕರಿಮಣ್ಣು ಕಗ್ಗಲ್ಲಿನಿಂದ ಆದುದು. ವೊಲೀನಿನ ಕರಿಮಣ್ಣು ಸಹಸ್ರಾರು ವರ್ಷಗಳ ಹುಲ್ಲು ಕೊಳೆತು ಆದುದು. ಬಣ್ಣ ಒಂದಾದರೂ ಕುಲ ಬೇರೆ.

ಈ ಪ್ರಾಂತದ ಒಂದು ಸಣ್ಣ ಗ್ರಾಮದ ಚಿತ್ರ ಹೀಗಿರುತ್ತಿತ್ತು. ಉದ್ದನೆಯ ಒಂದೇ ಬೀದಿ, ಅದರ ಎರಡು ಬದಿಗೂ ಮರದ ದಿಮ್ಮಿಗಳಿಂದ ಕಟ್ಟಿ ಹುಲ್ಲು ಹೊದಿಸಿದ ಮನೆಗಳು, ಮನೆಯ ನಡುವೆ ಚಳಿಗಾಲವಿಡೀ ಉರಿಯುವ ದೊಡ್ಡ ಒಲೆ, ಅಂಗಳದಲ್ಲಿ ನಮ್ಮ ಏತದಂಥ ಸಾಧನವುಳ್ಳ ಬಾವಿ, ಹಿಂಬದಿಗೆ ಹಣ್ಣಿನ ಗಿಡಗಳು, ಅದರಾಚೆ ಉದ್ದುದ್ದ ಪಟ್ಟಿಗಳಾಗಿ ಹರಡಿದ ಹೊಲಗಳು. ರೈ ಎಂಬ ಧಾನ್ಯ, ಆಲೂಗಡ್ಡೆ, ಅಗಸೆ ಇವು ಅಲ್ಲಿಯ ಮುಖ್ಯ ಬೆಳೆಗಳು. ಕವಲುದಾರಿಯಲ್ಲಿ ಮರದ ಶಿಲುಬೆ. ಸ್ವಲ್ಪ ದೊಡ್ಡ ಊರಾದರೆ ಚರ್ಚು ಮತ್ತು ಶಾಲೆ. ಸುತ್ತಲಿನ ಊರುಗಳಲ್ಲಿ ಉಕ್ರೇನಿಯನ್ನರು, ಬೆಲೊರೂಸಿಗಳು. ಪೇಟೆಗಳಲ್ಲಿ ಯೆಹೂದ್ಯ ವ್ಯಾಪಾರಿಗಳು. ಒಂದೇ ಸಂತೆಯಲ್ಲಿ ಮೂರು ನಾಲ್ಕು ಭಾಷೆಗಳು ಕೇಳಿಬರುತ್ತಿದ್ದ ಈ ಸ್ಥಿತಿಯು ಬೆಳಗಾವಿ, ನಿಪ್ಪಾಣಿ, ಸೊಲ್ಲಾಪುರಗಳನ್ನು ಬಲ್ಲ ವಾಚಕರಿಗೆ ಅಪರಿಚಿತವೆನಿಸಲಾರದು. ೧೯೨೦ರ ಕಾಯಿದೆಯಂತೆ ಸೈನ್ಯದಲ್ಲಿ ದುಡಿದ ಪೋಲರಿಗೆ ಇಲ್ಲಿ ಭೂಮಿ ಕೊಟ್ಟು ಹೊಸ ಊರುಗಳನ್ನು ನಿರ್ಮಿಸಲಾಗಿತ್ತು. ನೆರೆಯವರಿಗೆ ಇದು ಸರ್ವತ್ರ ಪ್ರಿಯವಾಗಿರಲಿಲ್ಲವೆಂಬುದನ್ನೂ ಚರಿತ್ರಕಾರನು ಮುಚ್ಚಿಡಬಾರದು.

೫. ನಾಲ್ಕು ವರ್ಷಗಳ ದಾರಿ

೧೯೩೯ರ ಸೆಪ್ಟೆಂಬರ್ ೧ರಂದು ಜರ್ಮನಿಯು ಪಶ್ಚಿಮದಿಂದಲೂ, ಅದೇ ತಿಂಗಳ ೧೭ರಂದು ಸೋವಿಯೆತ್ ಸೈನ್ಯವು ಪೂರ್ವದಿಂದಲೂ ಪೋಲೆಂಡನ್ನು ಹೊಕ್ಕವು. ಪೂರ್ವದ ಪ್ರಾಂತ ಸೋವಿಯೆತ್ ಆಡಳಿತಕ್ಕೆ ಸೇರಿತು. ೧೯೪೦ರ ಫೆಬ್ರವರಿ ೧೦ರಂದು ಮೊದಲ ಗಡೀಪಾರು ನಡೆಯಿತು. ಸೈನಿಕ ವಸತಿಗಳ ರೈತರೂ ಅರಣ್ಯ ನೌಕರರೂ ಕುಟುಂಬ ಸಮೇತ ಸರಕು ಸಾಗಿಸುವ ಗಾಡಿಗಳಲ್ಲಿ ತುಂಬಿಸಲ್ಪಟ್ಟು ಉತ್ತರ ರಷ್ಯದ ಕಾಡುಗಳಿಗೂ ಸೈಬೀರಿಯಕ್ಕೂ ಹೋದರು. ಅದೇ ವರ್ಷದ ಏಪ್ರಿಲ್ ಮತ್ತು ಜೂನ್ ತಿಂಗಳುಗಳಲ್ಲಿಯೂ ೧೯೪೧ರ ಬೇಸಗೆಯಲ್ಲಿಯೂ ಇದು ಪುನರಾವೃತ್ತವಾಯಿತು. ಈ ನಾಲ್ಕು ಅಲೆಗಳಲ್ಲಿ ಹೋದವರ ಸಂಖ್ಯೆ ಸೋವಿಯೆತ್ ದಾಖಲೆಗಳಂತೆ ಸುಮಾರು ಮೂರು ಲಕ್ಷ ಇಪ್ಪತ್ತು ಸಾವಿರ. ಯುದ್ಧಕಾಲದ ಪೋಲಿಷ್ ಅಂದಾಜುಗಳು ಇದಕ್ಕಿಂತ ಬಹುಪಾಲು ಹೆಚ್ಚು.

೧೯೪೧ರ ಜೂನ್‌ನಲ್ಲಿ ಜರ್ಮನಿಯು ಸೋವಿಯೆತ್ ದೇಶದ ಮೇಲೆ ಏರಿಹೋದ ಮೇಲೆ ಸ್ಥಿತಿ ಬದಲಾಯಿತು. ಜುಲೈ ೩೦ರಂದು ಲಂಡನ್ನಿನ ಪೋಲಿಷ್ ಸರಕಾರಕ್ಕೂ ಸೋವಿಯೆತ್ ಸರಕಾರಕ್ಕೂ ಒಪ್ಪಂದವಾಯಿತು; ಗಡೀಪಾರಾದವರಿಗೆ ‘ಕ್ಷಮಾದಾನ’ ದೊರೆಯಿತು. ಯಾವ ಅಪರಾಧವನ್ನೂ ಮಾಡದವರಿಗೆ ಕ್ಷಮೆ ಎಂಬ ಆ ಶಬ್ದ ವಿಚಿತ್ರವಾದರೂ ಬಿಡುಗಡೆ ನಿಜವಾಗಿತ್ತು. ಜನರಲ್ ಆಂಡರ್ಸನ ನೇತೃತ್ವದಲ್ಲಿ ಒಂದು ಪೋಲಿಷ್ ಸೈನ್ಯ ಕೂಡಿತು. ಅದರ ಸುತ್ತ ಸ್ತ್ರೀಯರೂ ಮಕ್ಕಳೂ ಹಸಿವು ಮತ್ತು ವಿಷಮಜ್ವರಗಳಿಂದ ಕಂಗೆಟ್ಟು ಮಧ್ಯ ಏಷ್ಯಕ್ಕೆ ಬಂದು ನೆರೆದರು. ೧೯೪೨ರಲ್ಲಿ, ವಸಂತದಲ್ಲೊಮ್ಮೆ ಆಗಸ್ಟಿನಲ್ಲೊಮ್ಮೆ, ಸುಮಾರು ೧ ಲಕ್ಷ ೧೫ ಸಾವಿರ ಜನರು ಕಾಸ್ಪಿಯನ್ ಸಮುದ್ರವನ್ನು ದಾಟಿ ಇರಾನಿನ ಪಹ್ಲವಿ ಬಂದರನ್ನು ಸೇರಿದರು. ಇವರಲ್ಲಿ ಮೂರನೆಯ ಒಂದು ಪಾಲು ಸೈನಿಕರಲ್ಲದವರು.

ಇರಾನಿನಲ್ಲಿ ಇವರು ಬಹುಕಾಲ ನಿಲ್ಲುವಂತಿರಲಿಲ್ಲ. ಪೂರ್ವ ಆಫ್ರಿಕ, ಮೆಕ್ಸಿಕೊ, ನ್ಯೂಜಿಲೆಂಡ್ ಮತ್ತು ಭಾರತ ಇವರಿಗೆ ಎಡೆಗೊಟ್ಟವು. ಭಾರತದಲ್ಲಿ ನವಾನಗರದ ಜಾಮ್ ಸಾಹೇಬ ದಿಗ್ವಿಜಯಸಿಂಹಜಿಯವರು ೧೯೪೨ರಲ್ಲಿಯೇ ಬಾಲಾಚಡಿಯಲ್ಲಿ ಅನಾಥ ಮಕ್ಕಳಿಗಾಗಿ ಒಂದು ವಸತಿಯನ್ನು ತೆರೆದಿದ್ದರು. ಕುಟುಂಬಗಳಿಗಾಗಿ ಕೊಲ್ಲಾಪುರ ಸಂಸ್ಥಾನದ ವಳಿವಡೆಯನ್ನು ಆರಿಸಲಾಯಿತು. ಇರಾನಿನಿಂದ ಹೊರಟವರು ಹಡಗಿನಲ್ಲಿ ಕರಾಚಿಯನ್ನು ಮುಟ್ಟಿ, ಅಲ್ಲಿಯ ತಾತ್ಕಾಲಿಕ ನೆಲೆಯಲ್ಲಿ ಕೆಲಕಾಲವಿದ್ದು, ೧೯೪೩ರ ಮಳೆಗಾಲದಿಂದ ತಂಡತಂಡವಾಗಿ ಇಲ್ಲಿಗೆ ಬರತೊಡಗಿದರು. ಆ ಕಾಲದಲ್ಲಿ ಮುಂಬಯಿಯಿಂದ ಪುಣೆಯವರೆಗೆ ಅಗಲ ಹಳಿ, ಪುಣೆಯಿಂದ ಮಿರಜು ಕೊಲ್ಲಾಪುರಗಳಿಗೆ ಮೀಟರ್ ಹಳಿ. ಆದುದರಿಂದ ಮುಂಬಯಿಯ ಮಾರ್ಗವಾಗಿ ಕೊಲ್ಲಾಪುರಕ್ಕೆ ರೈಲಿನಲ್ಲಿ ಹೋಗುವವರೆಲ್ಲರೂ ಪುಣೆಯಲ್ಲಿ ಇಳಿದು ಗಾಡಿ ಬದಲಿಸಬೇಕಾಗುತ್ತಿತ್ತು.

೬. ಗ್ರಾಮದ ರಚನೆ

ವಳಿವಡೆಯ ವಸತಿ ಉದ್ದನೆಯ ಸಾಲುಮನೆಗಳಿಂದ ಕೂಡಿತ್ತು. ಕಲ್ಲಿನ ತಳಪಾಯ, ಮರದ ಕಂಬ, ಚಾಪೆಯ ಗೋಡೆ, ಹೆಂಚಿನ ಮಾಡು, ಎದುರಿಗೆ ಪಡಸಾಲೆ. ಪ್ರತಿಯೊಂದು ಸಾಲನ್ನೂ ಅಡ್ಡಗೋಡೆಗಳಿಂದ ಬಿಡಾರಗಳಾಗಿ ವಿಭಾಗಿಸಿ ಒಂದೊಂದು ಕುಟುಂಬಕ್ಕೆ ಒಂದೊಂದು ಬಿಡಾರವನ್ನು ಕೊಡಲಾಗಿತ್ತು. ಸಾಲುಗಳು ಕೂಡಿ ಬೀದಿಗಳಾದವು, ಬೀದಿಗಳು ಕೂಡಿ ಕೇರಿಗಳಾದವು. ಜನರು ತಮ್ಮ ಬಾಗಿಲ ಮುಂದೆ ಹೂವಿನ ಗಿಡಗಳನ್ನೂ ತರಕಾರಿಯನ್ನೂ ಬೆಳೆದರು.

ಇಲ್ಲಿಯ ಜೀವನಕ್ರಮದಲ್ಲಿ ಒಂದು ಅಂಶ ವಿಶೇಷವಾಗಿ ಗಮನಾರ್ಹವಾದುದು. ಶಿಬಿರಗಳಲ್ಲಿ ಸಾಮಾನ್ಯವಾಗಿ ಸಾಮೂಹಿಕ ಅಡಿಗೆಮನೆಯಿರುತ್ತದೆ. ಜನರು ತಟ್ಟೆ ಹಿಡಿದು ಸಾಲುಗಟ್ಟುತ್ತಾರೆ. ವಳಿವಡೆಯಲ್ಲಿ ಕುಟುಂಬಗಳಿಗೆ ತಿಂಗಳ ಭತ್ಯೆ ದೊರೆಯುತ್ತಿತ್ತು. ಅದರಿಂದ ಪ್ರತಿಯೊಬ್ಬ ತಾಯಿಯೂ ಪೇಟೆಗೆ ಹೋಗಿ, ಬೆಲೆ ಕೇಳಿ, ಚೌಕಾಸಿ ಮಾಡಿ, ಸಾಮಾನು ತಂದು, ತನ್ನ ಒಲೆಯ ಮೇಲೆ ತನ್ನ ಮಕ್ಕಳಿಗೆ ಅಡಿಗೆ ಮಾಡುತ್ತಿದ್ದಳು. ಕೊಲ್ಲಾಪುರದ ಮತ್ತು ಸುತ್ತಲಿನ ವ್ಯಾಪಾರಿಗಳು ಅಲ್ಲಿ ಅಂಗಡಿಗಳನ್ನಿಟ್ಟರು, ವ್ಯವಹಾರಕ್ಕೆ ಬೇಕಾದಷ್ಟು ಪೋಲಿಷ್ ಮಾತುಗಳನ್ನು ಕಲಿತರು. ಮೂರು ವರ್ಷ ಪರರು ಅಳೆದು ಕೊಟ್ಟ ರೊಟ್ಟಿಯ ಮೇಲೆ ಬದುಕಿದ್ದ ಕುಟುಂಬಕ್ಕೆ ಸ್ವಂತ ಒಲೆ ಮರಳಿ ಬಂದುದು ಸಾಮಾನ್ಯ ಸಂಗತಿಯಲ್ಲ. ಗ್ರಾಮವು ಮನೆಗಳ ಸಮೂಹವಾದರೆ, ಮನೆಯು ಒಲೆಯಿಂದ ಮನೆಯಾಗುತ್ತದೆ.

ಎರಡನೆಯದು ಶಾಲೆ. ಶಿಶುವಿಹಾರ, ಪ್ರಾಥಮಿಕ ಶಾಲೆಗಳು, ಪ್ರೌಢಶಾಲೆ, ಶಿಕ್ಷಕಿಯರ ತರಬೇತಿ, ಉದ್ಯೋಗ ಶಿಕ್ಷಣ ಇವೆಲ್ಲವೂ ಪೋಲಿಷ್ ಭಾಷೆಯಲ್ಲಿಯೇ ನಡೆದವು. ಸೋವಿಯೆತ್ ದೇಶದಲ್ಲಿ ಎರಡು ಮೂರು ವರ್ಷ ಮಾತೃಭಾಷೆಯ ಶಾಲೆಯನ್ನು ಕಾಣದ ಮಕ್ಕಳು ಇಲ್ಲಿ ತಮ್ಮ ಭಾಷೆಯ ಅಕ್ಷರವನ್ನು ಮರಳಿ ಹಿಡಿದರು. ಚರ್ಚು, ಆಸ್ಪತ್ರೆ, ಅಂಚೆ, ನಾಟಕಶಾಲೆ, ಬಾಲಚರ ದಳ ಇವು ಕ್ರಮವಾಗಿ ಬೆಳೆದವು. ಬಾಲಚರರಿಗೆ ಮಾರ್ಗದರ್ಶಿಯಾಗಿ ಬಂದ ಝ್ಜಿಸ್ವಾಫ್ ಪೆಷ್ಕೋವ್ಸ್ಕಿಯವರು ಕಾತಿನ್ ಹತ್ಯಾಕಾಂಡಕ್ಕೆ ಈಡಾದ ಪೋಲಿಷ್ ಅಧಿಕಾರಿಗಳ ನಡುವಿನಿಂದ ಬದುಕಿ ಉಳಿದ ಕೆಲವೇ ಮಂದಿಯಲ್ಲಿ ಒಬ್ಬರು. ಮುಂದೆ ಅವರು ಪಾದ್ರಿಯಾದರು. ಮುಂಬಯಿಯ ಪೋಲಿಷ್ ರಾಯಭಾರಿ ಕಚೇರಿಯ ಬನಾಸಿನ್ಸ್ಕಿ ದಂಪತಿಗಳು ಈ ನೆಲೆಗಳಿಗಾಗಿ ಬಹಳ ಶ್ರಮಿಸಿದರು. ಮುಂಬಯಿಯಿಂದ ‘ಭಾರತದಲ್ಲಿಯ ಪೋಲ’ ಎಂಬರ್ಥದ ಹೆಸರಿನ ಒಂದು ಪೋಲಿಷ್ ಪತ್ರಿಕೆಯೂ ಹೊರಡುತ್ತಿತ್ತು. ಕ್ಷಯವೇ ಮೊದಲಾದ ರೋಗಗಳಿಂದ ಬಳಲಿದವರಿಗಾಗಿ ಪಂಚಗಣಿಯಲ್ಲಿ ಬೇರೆ ಆರೋಗ್ಯಧಾಮವಿತ್ತು.

ಪೋಲೆಂಡಿಗೂ ನಮ್ಮ ನಾಡಿಗೂ ಇದಕ್ಕಿಂತ ಮೊದಲೇ ಒಂದು ಎಳೆ ಇದ್ದುದನ್ನು ಇಲ್ಲಿ ಸ್ಮರಿಸಬಹುದು. ವಾರ್ಸಾದ ಯೆಹೂದ್ಯ ಮನೆತನದಲ್ಲಿ ಹುಟ್ಟಿದ ಎಂಜಿನಿಯರ್ ಮೌರಿಸ್ ಫ್ರಿಡ್‌ಮನ್ನರು ಮೂವತ್ತರ ದಶಕದಲ್ಲಿ ಸರ್ ಮಿರ್ಜಾ ಇಸ್ಮಾಯಿಲರ ಆಹ್ವಾನದಂತೆ ಬೆಂಗಳೂರಿಗೆ ಬಂದು, ಮೈಸೂರು ಸರಕಾರದ ವಿದ್ಯುತ್ ಉಪಕರಣಗಳ ಕಾರ್ಖಾನೆಯಲ್ಲಿ ದುಡಿದರು. ಅನಂತರ ಔಂಧ ಸಂಸ್ಥಾನದಲ್ಲಿ ಗ್ರಾಮಗಳಿಗೆ ಅಧಿಕಾರವನ್ನೊಪ್ಪಿಸುವ ರಾಜ್ಯಘಟನೆಯ ಸಿದ್ಧತೆಯಲ್ಲಿ ಭಾಗವಹಿಸಿದರು. ಅವರೂ, ಗಾಂಧೀಜಿಯವರಿಂದ ಉಮಾದೇವಿ ಎಂಬ ಹೆಸರನ್ನು ಪಡೆದ ವಾಂದಾ ದಿನೊವ್ಸ್ಕಾ ಅವರೂ ಕೂಡಿ ನಾಲ್ವತ್ತರ ದಶಕದಲ್ಲಿ ಪೋಲಿಷ್-ಭಾರತೀಯ ಗ್ರಂಥಮಾಲೆಯನ್ನು ಆರಂಭಿಸಿದರು.

೭. ಎರಡು ಆಕ್ಷೇಪಣೆಗಳು

ವಳಿವಡೆಯನ್ನು ಗ್ರಾಮವೆಂದು ಕರೆಯುವುದಕ್ಕೆ ಎರಡು ಬಲವಾದ ಆಕ್ಷೇಪಣೆಗಳಿವೆ. ಮೊದಲನೆಯದು ಬೇಸಾಯದ ಅಭಾವ. ಉಳುವ ಹೊಲವಿಲ್ಲದ, ದನಕರುಗಳಿಲ್ಲದ, ಲಂಡನ್ನಿನ ಪೋಲಿಷ್ ಸರಕಾರ ಒದಗಿಸಿದ ಹಣದ ಮೇಲೆ ನಿಂತ ಜನವಸತಿ ಗ್ರಾಮವಾದೀತು ಹೇಗೆ? ಎರಡನೆಯದು ಗಂಡಸರ ಅಭಾವ. ದುಡಿಯುವ ವಯಸ್ಸಿನ ಗಂಡಸರು ಆಂಡರ್ಸನ ಸೈನ್ಯದಲ್ಲಿದ್ದರು. ೧೯೪೪ರ ಮೇ ತಿಂಗಳಲ್ಲಿ ಇಟಲಿಯ ಮೊಂತೆ ಕಾಸ್ಸಿನೊ ಗುಡ್ಡವನ್ನು ಗೆದ್ದವರು ಆ ಸೈನ್ಯದವರೇ. ವಳಿವಡೆಯಲ್ಲಿ ಉಳಿದವರು ಅವರ ಹೆಂಡಂದಿರು, ವಿಧವೆಯರು, ಮಕ್ಕಳು, ಮುದುಕರು.

ಎರಡನೆಯ ಆಕ್ಷೇಪಣೆಗೆ ಉತ್ತರ ಸುಲಭ. ಗಂಡಸರು ದಂಡಿಗೆ ಹೋದ ಊರುಗಳು ನಮ್ಮ ದೇಶದಲ್ಲಿಯೂ ಇದ್ದವು. ಅದರಿಂದ ಅವು ಊರುಗಳಲ್ಲವೆಂದು ಯಾರೂ ಹೇಳಿಲ್ಲ. ವಾಸ್ತವವಾಗಿ ಸ್ತ್ರೀಯರೇ ಗುರುಗಳೂ ದಾದಿಯರೂ ವ್ಯವಹಾರಸ್ಥರೂ ಆಗಿ ಒಂದು ಊರನ್ನು ಐದು ವರ್ಷ ನಡೆಸಿದ್ದು ವಳಿವಡೆಯ ವೈಶಿಷ್ಟ್ಯ.

ಮೊದಲನೆಯ ಆಕ್ಷೇಪಣೆ ಮಾತ್ರ ಗಟ್ಟಿಯಾದುದು. ಕರ್ನಾಟಕದಲ್ಲಿಯೇ ಅದಕ್ಕೆ ನಿದರ್ಶನವಿದೆ. ಅರವತ್ತರ ದಶಕದ ಆರಂಭದಲ್ಲಿ ಅಂದಿನ ಮೈಸೂರು ಸರಕಾರವು ಟಿಬೇಟಿನ ನಿರಾಶ್ರಿತರಿಗೆ ಬೈಲಕುಪ್ಪೆಯಲ್ಲಿ ಸುಮಾರು ೩,೦೦೦ ಎಕರೆ ಭೂಮಿಯನ್ನು ಕೊಟ್ಟಿತು. ೧೯೬೬ರಲ್ಲಿ ಮುಂಡಗೋಡದಲ್ಲಿ ಇನ್ನೊಂದು ನೆಲೆ ಆರಂಭವಾಯಿತು. ಭೂಮಿ ದೊರೆತುದರಿಂದ ಅವರು ಮೆಕ್ಕೆಜೋಳವನ್ನು ಬೆಳೆದರು, ವಿಹಾರಗಳನ್ನು ಕಟ್ಟಿದರು; ಆ ನೆಲೆಗಳು ಇಂದಿಗೂ ಇವೆ. ವಳಿವಡೆಯ ಪೋಲರಿಗೆ ಭತ್ಯೆ ದೊರೆಯಿತು, ಭೂಮಿ ದೊರೆಯಲಿಲ್ಲ. ಭತ್ಯೆಯು ನಿಂತ ದಿನ ವಸತಿಯೂ ನಿಲ್ಲಬೇಕಾಯಿತು. ಆದುದರಿಂದ ಶಾಶ್ವತತೆಯನ್ನೇ ಗ್ರಾಮದ ಲಕ್ಷಣವೆಂದು ಹಿಡಿದರೆ ವಳಿವಡೆ ಗ್ರಾಮವಲ್ಲ. ಕುಟುಂಬ, ಶಾಲೆ, ಪೂಜಾಸ್ಥಾನ, ಪೇಟೆ, ಸ್ಮಶಾನ, ನೆರೆಹೊರೆಯ ಸಂಬಂಧ ಇವುಗಳನ್ನು ಲಕ್ಷಣವೆಂದು ಹಿಡಿದರೆ ಅದು ನಿಸ್ಸಂಶಯವಾಗಿ ಗ್ರಾಮ. ನಮಗೆ ಎರಡನೆಯ ಪಕ್ಷವೇ ಸರಿಯೆನಿಸುತ್ತದೆ. ಅದಕ್ಕೆ ಕಾರಣವನ್ನು ಮುಂದಿನ ಘಟನೆಗಳೇ ಒದಗಿಸುತ್ತವೆ.

೮. ವಿಸರ್ಜನೆ

೧೯೪೫ರ ಫೆಬ್ರವರಿಯಲ್ಲಿ ಯಾಲ್ಟಾದಲ್ಲಿ ಕೂಡಿದ ಮೂರು ಮಹಾರಾಷ್ಟ್ರಗಳ ನಾಯಕರು ಪೋಲೆಂಡಿನ ಪೂರ್ವದ ಪ್ರಾಂತವನ್ನು ಸೋವಿಯೆತ್ ದೇಶಕ್ಕೆ ಬಿಟ್ಟುಕೊಡಲು ಒಪ್ಪಿದರು. ಅದೇ ವರ್ಷದ ಜುಲೈನಲ್ಲಿ ಬ್ರಿಟನ್ ಲಂಡನ್ನಿನ ಪೋಲಿಷ್ ಸರಕಾರಕ್ಕೆ ಕೊಟ್ಟಿದ್ದ ಮನ್ನಣೆಯನ್ನು ಹಿಂದೆಗೆದುಕೊಂಡಿತು. ವಳಿವಡೆಯಲ್ಲಿದ್ದ ಬಹುಪಾಲು ಜನರ ಹುಟ್ಟೂರುಗಳು ಹೀಗೆ ಪರದೇಶಕ್ಕೆ ಸೇರಿದವು. ಇಂದು ಅವು ಉಕ್ರೇನ್, ಬೆಲಾರೂಸ್, ಲಿಥುವೇನಿಯ ದೇಶಗಳಲ್ಲಿವೆ. ಆ ಊರುಗಳಲ್ಲಿ ಉಳಿದಿದ್ದ ಪೋಲರಲ್ಲಿ ಹೆಚ್ಚಿನವರನ್ನೂ ಪಶ್ಚಿಮಕ್ಕೆ ಸಾಗಿಸಲಾಯಿತು. ಯುದ್ಧ ಮುಗಿದರೆ ಊರಿಗೆ ಮರಳುವೆವೆಂದು ಪೆಟ್ಟಿಗೆ ಕಟ್ಟಿಕೊಂಡಿದ್ದವರಿಗೆ ಮರಳಲು ಊರೇ ಉಳಿಯಲಿಲ್ಲ. ಕ್ರೆಸಿಯ ಗ್ರಾಮಸ್ಥರು ತಮ್ಮ ಭಾಷೆಯ ಶಾಲೆ, ತಮ್ಮ ಚರ್ಚು, ತಮ್ಮ ಹಬ್ಬಗಳೊಡನೆ ಒಟ್ಟಾಗಿ ಬಾಳಿದ ಕಟ್ಟಕಡೆಯ ಊರುಗಳಲ್ಲಿ ಒಂದು ಆ ಪ್ರಾಂತದಿಂದ ಸಾವಿರಾರು ಮೈಲಿ ದೂರದ ಪಂಚಗಂಗೆಯ ದಡದಲ್ಲಿತ್ತು. ಮೂಲದ ಊರುಗಳು ಚದರಿದ ಮೇಲೆ ವಳಿವಡೆ ಅವುಗಳ ನೆರಳಾಗಿ ಉಳಿಯದೆ ಅವುಗಳ ಉತ್ತರಾಧಿಕಾರಿಯಾಯಿತು. ಇದೇ ನಾವು ಮೇಲೆ ಹೇಳಿದ ಕಾರಣ.

ಬಾಲಾಚಡಿಯ ನೆಲೆ ೧೯೪೬ರಲ್ಲಿ ಮುಚ್ಚಿದಾಗ ಅಲ್ಲಿಯ ಮಕ್ಕಳು ವಳಿವಡೆಗೆ ಬಂದರು. ವಸತಿಯ ಪಾಲನೆ ಲಂಡನ್ನಿನ ಸರಕಾರದ ಕೈಯಿಂದ ಅಂತರರಾಷ್ಟ್ರೀಯ ಸಂಸ್ಥೆಗಳ ಕೈಗೆ ಹೋಯಿತು. ಸೈನಿಕರ ಕುಟುಂಬಗಳು ಇಂಗ್ಲೆಂಡಿಗೆ, ಕೆಲವರು ಪೂರ್ವ ಆಫ್ರಿಕಕ್ಕೆ, ಕೆಲವರು ಆಸ್ಟ್ರೇಲಿಯಕ್ಕೆ, ಕೆಲವರು ಅಮೆರಿಕ ಖಂಡಕ್ಕೆ ಹೋದರು. ಅಲ್ಪಸಂಖ್ಯಾತರು ಹೊಸ ಪೋಲೆಂಡಿಗೆ ಮರಳಿದರು. ಇಲ್ಲಿಯವರನ್ನು ಮದುವೆಯಾಗಿ ಕೊಲ್ಲಾಪುರದಲ್ಲಿಯೇ ನಿಂತವರು ಬೆರಳೆಣಿಕೆಯಷ್ಟು ಮಾತ್ರ. ೧೯೪೮ರಲ್ಲಿ ವಸತಿ ಬರಿದಾಯಿತು.

ಬರಿದಾದ ಸಾಲುಮನೆಗಳು ಬಹುಕಾಲ ಹಾಗೆಯೇ ಉಳಿಯಲಿಲ್ಲ. ೧೯೪೭ರ ದೇಶವಿಭಜನೆಯಿಂದ ನೆಲೆತಪ್ಪಿದ ಸಿಂಧಿಗಳು ಅಲ್ಲಿಗೆ ಬಂದರು. ಇಲ್ಲಿ ಭೂಗೋಲದ ಒಂದು ವ್ಯಂಗ್ಯವನ್ನು ಗಮನಿಸಬೇಕು. ಪೋಲರು ಭಾರತದ ನೆಲವನ್ನು ಮೊದಲು ಮುಟ್ಟಿದ್ದು ಸಿಂಧದ ಕರಾಚಿಯಲ್ಲಿ. ಅವರು ಬಿಟ್ಟ ಮನೆಗಳನ್ನು ಹೊಕ್ಕವರು ಅದೇ ಸಿಂಧವನ್ನು ಬಿಡಬೇಕಾಗಿ ಬಂದವರು. ಈ ಹೊಸ ವಸತಿಗೆ ಗಾಂಧಿನಗರವೆಂದು ಹೆಸರಾಯಿತು. ಸಿಂಧಿಗಳಿಗೆ ಹಿಂದಿರುಗುವ ಆಸೆಯಿರಲಿಲ್ಲ, ಕೈಯಲ್ಲಿ ವ್ಯಾಪಾರದ ವಿದ್ಯೆಯಿತ್ತು. ಗಾಂಧಿನಗರವು ಬಟ್ಟೆಯ ಸಗಟು ವ್ಯಾಪಾರದ ದೊಡ್ಡ ಪೇಟೆಯಾಗಿ ಬೆಳೆಯಿತು. ಉತ್ತರ ಕರ್ನಾಟಕದ ವ್ಯಾಪಾರಿಗಳೂ ಅಲ್ಲಿಗೆ ಹೋಗುತ್ತಾರೆ. ಭೂಮಿಯ ಬದಲು ಅಂಗಡಿಯು ಅವರನ್ನು ಆ ನೆಲಕ್ಕೆ ಕಟ್ಟಿಹಾಕಿತು.

೯. ಉಳಿದದ್ದು

ಪೋಲರ ವಾಸ್ತವ್ಯದ ಸಾಕ್ಷಿಯಾಗಿ ಕೊಲ್ಲಾಪುರದ ಕ್ರೈಸ್ತ ಸ್ಮಶಾನದಲ್ಲಿ ಅವರ ಗೋರಿಗಳಿವೆ. ನಗರದ ಮಹಾವೀರ ಉದ್ಯಾನದಲ್ಲಿ ೧೯೯೮ರಲ್ಲಿ ಒಂದು ಸ್ಮಾರಕಸ್ತಂಭವನ್ನು ನಿಲ್ಲಿಸಲಾಯಿತು. ೨೦೧೯ರ ಸೆಪ್ಟೆಂಬರಿನಲ್ಲಿ ವಳಿವಡೆಯಲ್ಲಿಯೇ ಇನ್ನೊಂದು ಸ್ಮಾರಕದ ಅನಾವರಣವಾದಾಗ, ಬಾಲ್ಯವನ್ನು ಅಲ್ಲಿ ಕಳೆದ ವೃದ್ಧರು ದೂರದೇಶಗಳಿಂದ ಬಂದು ಸೇರಿದ್ದರು. ವಾರ್ಸಾ ನಗರದಲ್ಲಿಯೂ ಕೊಲ್ಲಾಪುರದ ಹೆಸರಿನ ಸ್ಮಾರಕವಿದೆ. ೨೦೨೪ರ ಆಗಸ್ಟ್ ೨೧ರಂದು ಭಾರತದ ಪ್ರಧಾನಮಂತ್ರಿಯವರು ಅಲ್ಲಿ ಪುಷ್ಪಗುಚ್ಛವನ್ನಿಟ್ಟರು.

ಆದರೆ ಕಲ್ಲಿನ ಸ್ಮಾರಕಗಳಿಗಿಂತ ಮಹತ್ವದ್ದು ಬರವಣಿಗೆ. ಭಾರತದಲ್ಲಿದ್ದ ಪೋಲರು ಇಂಗ್ಲೆಂಡಿನಲ್ಲಿ ತಮ್ಮದೊಂದು ಸಂಘವನ್ನು ಕಟ್ಟಿಕೊಂಡು, ಒಬ್ಬೊಬ್ಬರ ನೆನಪನ್ನೂ ಪತ್ರಗಳನ್ನೂ ಛಾಯಾಚಿತ್ರಗಳನ್ನೂ ಕೂಡಿಸಿ, ೨೦೦೦ದಲ್ಲಿ ಪೋಲಿಷ್ ಭಾಷೆಯಲ್ಲಿಯೂ ಅನಂತರ ಇಂಗ್ಲಿಷಿನಲ್ಲಿಯೂ ತಮ್ಮ ಭಾರತವಾಸದ ಬೃಹದ್ಗ್ರಂಥವನ್ನು ಪ್ರಕಟಿಸಿದರು. ಐದೇ ವರ್ಷ ಬಾಳಿದ ಒಂದು ಊರಿನ ಶಾಲೆ, ಬೀದಿ, ಬಾಲಚರದಳಗಳ ವೃತ್ತಾಂತ ಇಂದು ನಮಗೆ ದೊರೆಯುವುದು ಇದರಿಂದ. ಐನೂರು ವರ್ಷ ಬಾಳಿದ ಎಷ್ಟೋ ಊರುಗಳ ವಿಷಯದಲ್ಲಿ ಇಷ್ಟು ವಿವರ ನಮ್ಮ ಕೈಯಲ್ಲಿಲ್ಲ. ಆದರೆ ಆ ಗ್ರಂಥ ಬಂದವರ ನೆನಪು. ನೆಲವನ್ನು ಕೊಟ್ಟ ಊರಿನವರ, ತರಕಾರಿ ಮಾರಿದವರ, ಪೋಲಿಷ್ ಮಾತು ಕಲಿತ ಅಂಗಡಿಕಾರರ, ಅವರ ಮನೆಗಳನ್ನು ಹೊಕ್ಕ ಸಿಂಧಿಗಳ ನೆನಪುಗಳೂ ಅದೇ ಶ್ರದ್ಧೆಯಿಂದ ಗ್ರಂಥಸ್ಥವಾದಾಗ ಮಾತ್ರ ವಳಿವಡೆಯ ಇತಿಹಾಸ ಪೂರ್ಣವಾದೀತು.

ಆರಂಭದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಊರಿನ ಇತಿಹಾಸ ಅಲ್ಲಿ ಬಾಳಿದವರೆಲ್ಲರದು. ಶಿಲಾಹಾರರ ಕಾಲದ ಕನ್ನಡ ಲಿಪಿಕಾರನೂ, ಮರಾಠಿ ಮಾತನಾಡುವ ರೈತನೂ, ವೊಲೀನಿನ ತಾಯಿಯೂ, ಸಿಂಧದ ವ್ಯಾಪಾರಿಯೂ ಪಂಚಗಂಗೆಯ ಈ ದಂಡೆಯ ಚರಿತ್ರೆಯಲ್ಲಿ ಸಮಾನವಾಗಿ ಪಾಲುದಾರರು. ಇದನ್ನು ಒಪ್ಪಿದರೆ ಪುಣೆಯಂಥ ನಗರದ ಇತಿಹಾಸದಲ್ಲಿ ಇಲ್ಲಿ ನೆಲಸಿದ ಕನ್ನಡಿಗರಿಗೂ ಪಾಲಿದೆಯೆಂದು ಒಪ್ಪಬೇಕಾಗುತ್ತದೆ. ಪಾಲನ್ನು ಸಿದ್ಧಪಡಿಸುವ ಹೊಣೆ ಮಾತ್ರ ಪಾಲುದಾರರದೇ. ಯಾವ ಪೇಟೆಯಲ್ಲಿ ಯಾವ ಊರಿನವರು ಬಂದು ನಿಂತರು, ಯಾವ ಉದ್ಯೋಗವನ್ನು ಹಿಡಿದರು, ಮಕ್ಕಳಿಗೆ ಕನ್ನಡ ಅಕ್ಷರವನ್ನು ಎಲ್ಲಿ ಕಲಿಸಿದರು, ನೆರೆಯ ಮರಾಠಿಗರೊಡನೆ ಹೇಗೆ ಬೆರೆತರು ಎಂಬ ಸಂಗತಿಗಳನ್ನು ಬಲ್ಲ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ಅವರ ಮಾತುಗಳನ್ನು ಕೇಳಿ, ತೇದಿ ಸ್ಥಳಗಳೊಡನೆ ಬರೆದಿಡುವ ಕಾರ್ಯವನ್ನು ವಾಚಕರು ತಮ್ಮ ತಮ್ಮ ಮನೆಗಳಿಂದಲೇ ಆರಂಭಿಸಬೇಕೆಂದು ಸೂಚಿಸಿ ಈ ಲೇಖನವನ್ನು ಮುಗಿಸುತ್ತೇವೆ.